ಏಳಡಿ ನಾವಿಕನ ಎರಡು ವರ್ಷ

ನಮ್ಮ ಗಂಗಾವತಿ, ಕುಷ್ಟಗಿ, ಯಲಬುರ್ಗಾ ಕಡೆ ಕೋಳಿ ಕೂಗುವ ಹೊತ್ತಿಗೇ ಹುಡುಗರು ರಸ್ತೆಗುಂಟ ಓಡುತ್ತಿರುತ್ತಾರೆ. ಸೇನಾ ಭರ್ತಿಯ 1.6 ಕಿಲೋಮೀಟರ್ ಓಟಕ್ಕೆ ತಯಾರಿ. ಕೊಪ್ಪಳದ ನಮ್ಮ ಓಣಿಯ ಹುಡುಗನೊಬ್ಬ ಕಬಡ್ಡಿಯಲ್ಲೂ ಗಟ್ಟಿ. ಮೊನ್ನೆ ಕೇಳಿದ: "ಅಜ್ಜಾರ, ಮಿಲ್ಟ್ರಿಗೆ ಸೇರಿದ್ರ ಆಟ ಬಿಡಬೇಕಾಗತದೇನ್ರಿ?"

ಬಿಡಬೇಕೆಂದೇನೂ ಇಲ್ಲ ಮಕ್ಕಳೇ. ಕೊಡಗಿನ ಎಂ. ಪಿ. ಗಣೇಶ್ ಸರ್ವಿಸಸ್ ತಂಡಕ್ಕೆ ಹಾಕಿ ಆಡುತ್ತಲೇ ಬೆಳೆದವರು. 1972ರ ಮ್ಯೂನಿಕ್ ಒಲಿಂಪಿಕ್ಸ್‌ನಲ್ಲಿ ಕಂಚು, 1973ರ ವಿಶ್ವಕಪ್‌ನಲ್ಲಿ ಭಾರತದ ನಾಯಕರಾಗಿ ಬೆಳ್ಳಿ. ಆಗ ಆಟದಲ್ಲಿ ಹಣವಿರಲಿಲ್ಲ. ಆಟಗಾರನಿಗೆ ಊಟ, ಸಂಬಳ, ಮೈದಾನ ಕೊಡುತ್ತಿದ್ದುದೇ ಸೇನೆ, ರೈಲ್ವೆ, ಬ್ಯಾಂಕು. ನಮ್ಮ ಶಾಖೆಯಲ್ಲೂ ಕ್ರೀಡಾ ಕೋಟಾದ ಗೆಳೆಯನೊಬ್ಬನಿದ್ದ. ಮಾರ್ಚ್ ಕೊನೆಗೆ ಸರಿಯಾಗಿ ಅವನಿಗೆ ಪಂದ್ಯಾವಳಿ, ಅವನ ಲೆಡ್ಜರು ನನ್ನ ಮೇಜಿಗೆ!

ಈಗ ಲೀಗುಗಳು ಬಂದಿವೆ, ಹರಾಜು ನಡೆಯುತ್ತದೆ. 2019ರ ಜನವರಿಯಲ್ಲಿ ಪ್ರೊ ಕಬಡ್ಡಿ ಗೆದ್ದ ಬೆಂಗಳೂರು ಬುಲ್ಸ್ ನಾಯಕ ರೋಹಿತ್ ಕುಮಾರ್ ಕೂಡ ಸರ್ವಿಸಸ್ ಪರ ಆಡಿದವರೇ. ಆದರೆ ಪಗಾರ ಕೊಡುವ ಇಲಾಖೆ ಅನುಮತಿ ಕೊಡಬೇಕು. ತೊಡಕು ಇರುವುದು ಅಲ್ಲಿ.

ಅಮೆರಿಕದ ಡೇವಿಡ್ ರಾಬಿನ್ಸನ್ ಕಥೆ ಕೇಳಿ. ಅಲ್ಲಿಯ ನೌಕಾ ಅಕಾಡೆಮಿಯಲ್ಲಿ ಓದು ಪುಕ್ಕಟೆ, ಮುಗಿದ ಮೇಲೆ ಐದು ವರ್ಷ ನೌಕರಿ ಮಾಡಬೇಕು. ಈತ ಸೇರಿದ ಮೇಲೂ ಬೆಳೆಯುತ್ತಲೇ ಹೋದ, ಕೊನೆಗೆ 7 ಅಡಿ 1 ಅಂಗುಲ! ಅಂಥವನನ್ನು ಹಡಗಿನ ಗೂಡಿನಂಥ ಕೋಣೆಯಲ್ಲಿ ಹೇಗೆ ಮಲಗಿಸುವುದು? ಅವನ ಅವಧಿಯನ್ನು ಎರಡು ವರ್ಷಕ್ಕೆ ಇಳಿಸಿದರು. 1987ರಲ್ಲಿ ಸ್ಯಾನ್ ಆಂಟೋನಿಯೊ ಬ್ಯಾಸ್ಕೆಟ್‌ಬಾಲ್ ತಂಡ ಎಲ್ಲರಿಗಿಂತ ಮೊದಲು ಅವನನ್ನೇ ಆರಿಸಿ, 1989ರವರೆಗೆ ಕಾಯ್ದು ಕುಂತಿತು. ಆತ ಅಷ್ಟೂ ದಿನ ಜಲಾಂತರ್ಗಾಮಿ ನೆಲೆಯೊಂದರಲ್ಲಿ ಎಂಜಿನಿಯರ್ ಕೆಲಸ ಮಾಡಿದ. ನಡುವೆ 1988ರ ಸೋಲ್ ಒಲಿಂಪಿಕ್ಸ್‌ಗೂ ಹೋಗಿ ಕಂಚು ತಂದ.

ಅದೇ ಅಕಾಡೆಮಿಯ ರೋಜರ್ ಸ್ಟೌಬಾಕ್‌ಗೆ ಇಂಥ ರಿಯಾಯಿತಿ ಸಿಗಲಿಲ್ಲ. ಪೂರಾ ನಾಲ್ಕು ವರ್ಷ, ಅದರಲ್ಲಿ ವಿಯೆಟ್ನಾಂ ಯುದ್ಧವೂ ಬಂತು. 1969ರಲ್ಲಿ ವೃತ್ತಿಪರ ಫುಟ್‌ಬಾಲಿಗೆ, ಅಂದರೆ ಅವರ ಕೈಚೆಂಡಿನ ಫುಟ್‌ಬಾಲಿಗೆ, ಬಂದಾಗ ವಯಸ್ಸು 27. ಆದರೂ ಎರಡು ಸಲ ಸೂಪರ್ ಬೌಲ್ ಗೆದ್ದ.

ಬ್ಯಾಂಕಿನವನ ಕಣ್ಣಿಗೆ ಇದು ಸಾಲವೇ, ಆದರೆ ವಿಚಿತ್ರ ಸಾಲ. ನಮ್ಮ ಖಡಕ್‌ವಾಸ್ಲಾದ ಎನ್‌ಡಿಎ ತರಬೇತಿಯನ್ನು ತಾನಾಗಿ ನಡುವೆ ಬಿಟ್ಟವನು ಅದರ ವೆಚ್ಚ ಕಟ್ಟಬೇಕು. ಅದು ರೊಕ್ಕದ ಲೆಕ್ಕ, ಹೇಗೋ ತೀರುತ್ತದೆ. ಆಟಗಾರ ಕಟ್ಟುವುದು ವಯಸ್ಸನ್ನು. ನನ್ನಂಥವನ ಎರಡು ವರ್ಷ ಎಲ್ಲಿ, ಇಪ್ಪತ್ತೆರಡರ ಓಟಗಾರನ ಎರಡು ವರ್ಷ ಎಲ್ಲಿ? ಹಾಗಂತ ಹೆಸರು ಬಂದವನಿಗೆಲ್ಲ ಸಾಲ ಮನ್ನಾ ಮಾಡಿದರೆ, ಜೊತೆಗೆ ಓದಿ ಪೂರ್ತಿ ಕಟ್ಟುವವರು ಸುಮ್ಮನಿದ್ದಾರೆಯೇ? ಸ್ಯಾನ್ ಆಂಟೋನಿಯೊದವರ ಹಾಗೆ ತಂಡವೇ ಕಾಯಲಿ ಎನ್ನುವವನು ನಾನು.

ನಮ್ಮ ಓಣಿಯ ಹುಡುಗನಿಗೆ ಲೆಕ್ಕ ಬಿಡಿಸಿ ಹೇಳಿದೆ. ಅಗ್ನಿವೀರನಿಗೆ ನಾಲ್ಕು ವರ್ಷ. ಆಮೇಲೆ ಉಳಿಸಿಕೊಳ್ಳುವುದು ಹೆಚ್ಚೆಂದರೆ ನೂರಕ್ಕೆ ಇಪ್ಪತ್ತೈದು ಮಂದಿಯನ್ನು. ಹದಿನೆಂಟಕ್ಕೆ ಸೇರಿದರೆ ಇಪ್ಪತ್ತೆರಡಕ್ಕೆ ಹೊರಗೆ, ಕಬಡ್ಡಿಗೆ ಅದೇನು ಮುದಿ ವಯಸ್ಸಲ್ಲ. ಆದರೆ ಆಟಕ್ಕೆ ಎಷ್ಟು ಬಿಡುವು, ಯಾರ ಅನುಮತಿ ಎಂಬುದನ್ನು ಸಹಿ ಹಾಕುವ ಮೊದಲು ಕೇಳು ಎಂದೆ.

ಅಜ್ಜ–ಅಜ್ಜಿಯರಿಗೆ ಇನ್ನೊಂದು ಮಾತು. ಬೆಂಗಳೂರಿನ ಮದ್ರಾಸ್ ಎಂಜಿನಿಯರ್ ಗ್ರೂಪ್‌ನಲ್ಲಿ ಬಾಲಕರ ಕ್ರೀಡಾ ಕಂಪನಿ ಇದೆ. ಓದು, ಊಟ, ತರಬೇತಿ ಅಲ್ಲೇ. ಮೊಮ್ಮಗನಿಗೆ ಹದಿನಾಲ್ಕು ತುಂಬುವ ಮೊದಲೇ ವಿಚಾರಿಸಿ.