ಹೊಸದೋ, ಬಳಸಿದ್ದೋ: ಕಾಂಪ್ಯಾಕ್ಟ್ ಎಸ್‌ಯುವಿ ಲೆಕ್ಕ ಬದಲಿಸಿದ ತೆರಿಗೆ

ಬೆಂಗಳೂರು: ಹತ್ತು ಲಕ್ಷ ರೂಪಾಯಿಯ ಆಸುಪಾಸಿನಲ್ಲಿ ಕಾಂಪ್ಯಾಕ್ಟ್ ಎಸ್‌ಯುವಿ ಕೊಳ್ಳಲು ಹೊರಟ ಕುಟುಂಬದ ಮುಂದೆ ಎರಡು ದಾರಿಗಳಿವೆ. ಹೊಸ ವಾಹನದ ಕೆಳ ಶ್ರೇಣಿಯ ಮಾದರಿಯನ್ನು ಶೋರೂಂನಿಂದ ತರಬಹುದು. ಅಥವಾ ಮೂರು ನಾಲ್ಕು ವರ್ಷ ಓಡಿದ ವಾಹನದ ಮೇಲಿನ ಶ್ರೇಣಿಯ ಮಾದರಿಯನ್ನು ಅದಕ್ಕಿಂತ ಕಡಿಮೆ ಹಣಕ್ಕೆ ಪಡೆಯಬಹುದು. ಬಹುಕಾಲದಿಂದ ಎರಡನೆಯ ದಾರಿಯೇ ಜಾಣತನದ್ದು ಎಂಬ ಮಾತು ಚಾಲ್ತಿಯಲ್ಲಿತ್ತು. 2025ರ ಸೆಪ್ಟೆಂಬರ್ 22ರಂದು ಜಾರಿಗೆ ಬಂದ ಜಿಎಸ್‌ಟಿ ಪರಿಷ್ಕರಣೆ ಆ ಲೆಕ್ಕವನ್ನು ತಲೆಕೆಳಗು ಮಾಡದಿದ್ದರೂ ಸಾಕಷ್ಟು ಅಲುಗಾಡಿಸಿದೆ. ಕರ್ನಾಟಕದ ಮಟ್ಟಿಗಂತೂ ಅದರ ಪರಿಣಾಮ ಶೋರೂಂ ಬೆಲೆಯಲ್ಲಿ ಕಾಣುವುದಕ್ಕಿಂತ ದೊಡ್ಡದು.

ಈ ವರ್ಗದ ವಾಹನ ಹುಟ್ಟಿದ್ದೇ ತೆರಿಗೆ ನಿಯಮದಿಂದ. 2006ರ ಕೇಂದ್ರ ಬಜೆಟ್‌ನಲ್ಲಿ ಅಂದಿನ ಹಣಕಾಸು ಸಚಿವ ಪಿ. ಚಿದಂಬರಂ ಅವರು ಸಣ್ಣ ಕಾರುಗಳ ಅಬಕಾರಿ ಸುಂಕವನ್ನು ಶೇ 24ರಿಂದ 16ಕ್ಕೆ ಇಳಿಸಿದರು. ಉದ್ದ ನಾಲ್ಕು ಮೀಟರ್ ಮೀರಬಾರದು, ಪೆಟ್ರೋಲ್ ಎಂಜಿನ್ 1200 ಸಿಸಿ ಹಾಗೂ ಡೀಸೆಲ್ ಎಂಜಿನ್ 1500 ಸಿಸಿ ದಾಟಬಾರದು ಎಂಬುದು ಷರತ್ತಾಗಿತ್ತು. ಕಂಪೆನಿಗಳು ಅಳತೆಪಟ್ಟಿ ಹಿಡಿದುಕೊಂಡೇ ಎಸ್‌ಯುವಿ ರೂಪಿಸತೊಡಗಿದವು. 2013ರಲ್ಲಿ ಫೋರ್ಡ್ ಇಕೊಸ್ಪೋರ್ಟ್, 2016ರಲ್ಲಿ ಮಾರುತಿ ವಿಟಾರಾ ಬ್ರೆಜಾ, 2017ರಲ್ಲಿ ಟಾಟಾ ನೆಕ್ಸಾನ್, 2019ರಲ್ಲಿ ಮಹೀಂದ್ರ ಎಕ್ಸ್‌ಯುವಿ 300 ಮತ್ತು ಹುಂಡೈ ವೆನ್ಯೂ, 2020ರಲ್ಲಿ ಕಿಯಾ ಸೋನೆಟ್ ಬಂದವು. ಹೆಸರಿಗೆ ಎಸ್‌ಯುವಿಯಾದರೂ ಇವುಗಳಲ್ಲಿ ಎಂಜಿನ್ನಿನ ಬಲ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಎತ್ತರಿಸಿ ಕಟ್ಟಿದ ಸಣ್ಣ ಕಾರು ಎಂದರೂ ತಪ್ಪಾಗದು. ಹಂಪು, ಗುಂಡಿಗಳ ರಸ್ತೆಯಲ್ಲಿ ಆ ಎತ್ತರವೇ ಅವುಗಳ ದೊಡ್ಡ ಗುಣ.

ಅದೇ ಅಳತೆಪಟ್ಟಿ ಇಂದಿಗೂ ಬೆಲೆಯನ್ನು ನಿರ್ಧರಿಸುತ್ತಿದೆ. ಈ ಮಿತಿಯೊಳಗಿನ ಪೆಟ್ರೋಲ್ ಕಾರಿನ ಮೇಲೆ ಮೊದಲು ಸೆಸ್ ಸೇರಿ ಶೇ 29, ಡೀಸೆಲ್ ಕಾರಿನ ಮೇಲೆ ಶೇ 31 ತೆರಿಗೆ ಇತ್ತು. ಈಗ ಎರಡಕ್ಕೂ ಶೇ 18. ಮಿತಿ ಮೀರಿದವುಗಳಿಗೆ ಶೇ 40. ಹುಂಡೈ ಕ್ರೆಟಾ, ಕಿಯಾ ಸೆಲ್ಟೋಸ್, ಬಿಡದಿಯಲ್ಲಿ ತಯಾರಾಗುವ ಟೊಯೊಟಾ ಹೈರೈಡರ್ ಮುಂತಾದ ಉದ್ದನೆಯ ವಾಹನಗಳೆಲ್ಲ ಈ ಎರಡನೆಯ ಗುಂಪಿನವು. ಇಲ್ಲೊಂದು ವಿಚಿತ್ರವೂ ಇದೆ. ಬ್ರೆಜಾದ ಉದ್ದ ನಾಲ್ಕು ಮೀಟರ್ ಒಳಗೇ ಇದ್ದರೂ ಅದರ ಪೆಟ್ರೋಲ್ ಎಂಜಿನ್ 1462 ಸಿಸಿಯದು. ಹೀಗಾಗಿ ಅದೂ ಶೇ 40ರ ಸಾಲಿಗೆ ಸೇರುತ್ತದೆ. ಮೊದಲಿದ್ದ ಶೇ 45ಕ್ಕೆ ಹೋಲಿಸಿದರೆ ಇಳಿಕೆಯೇ. ಆದರೆ ನೆಕ್ಸಾನ್, ವೆನ್ಯೂ, ಸೋನೆಟ್, ಎಕ್ಸ್‌ಯುವಿ 3ಎಕ್ಸ್‌ಒಗಳಿಗೆ ದೊರೆತಷ್ಟು ಲಾಭ ಅದಕ್ಕೆ ದೊರೆಯಲಿಲ್ಲ.

ಹತ್ತು ಲಕ್ಷದ ಗೆರೆ

ಕರ್ನಾಟಕದಲ್ಲಿ ಕಾರು ಕೊಳ್ಳುವವರು ಶೋರೂಂ ಬೆಲೆಯನ್ನಷ್ಟೇ ನೋಡಿ ಮುಂದುವರಿಯುವಂತಿಲ್ಲ. ಆಜೀವ ತೆರಿಗೆಯಲ್ಲಿ ದೇಶದಲ್ಲೇ ದುಬಾರಿ ಎನಿಸಿದ ರಾಜ್ಯಗಳಲ್ಲಿ ಇದೂ ಒಂದು. 2025ರ ದರಪಟ್ಟಿಯಂತೆ 5ರಿಂದ 10 ಲಕ್ಷ ರೂಪಾಯಿವರೆಗಿನ ಕಾರಿಗೆ ಬೆಲೆಯ ಶೇ 14, 10ರಿಂದ 20 ಲಕ್ಷದವರೆಗಿನದಕ್ಕೆ ಶೇ 17. ಆ ತೆರಿಗೆಯ ಮೇಲೆ ಮತ್ತೆ ಶೇ 11 ಸೆಸ್. ಗೆರೆ ದಾಟಿದರೆ ದಾಟಿದಷ್ಟಕ್ಕೆ ಮಾತ್ರವಲ್ಲ, ಪೂರ್ತಿ ಬೆಲೆಗೆ ಹೆಚ್ಚಿನ ದರ ಅನ್ವಯವಾಗುತ್ತದೆ ಎಂಬುದೇ ಇದರ ಬಿಗಿ. 9.90 ಲಕ್ಷ ಬೆಲೆಯ ವಾಹನಕ್ಕೆ ಸೆಸ್ ಸೇರಿ ಸುಮಾರು 1.54 ಲಕ್ಷ ತೆರಿಗೆಯಾದರೆ, 10.20 ಲಕ್ಷದ ವಾಹನಕ್ಕೆ ಸುಮಾರು 1.92 ಲಕ್ಷ. ಬೆಲೆಯ ವ್ಯತ್ಯಾಸ 30 ಸಾವಿರ, ತೆರಿಗೆಯ ವ್ಯತ್ಯಾಸ 38 ಸಾವಿರ. ಸನ್‌ರೂಫ್ ಇರುವ ಮೇಲಿನ ಶ್ರೇಣಿಗೆ ಮನಸೋಲುವವರು ಅದಕ್ಕೆ ಶೋರೂಂಗೆ ತೆತ್ತದ್ದಕ್ಕಿಂತ ಹೆಚ್ಚನ್ನು ಸರ್ಕಾರಕ್ಕೆ ತೆರುವ ಪ್ರಸಂಗ ಇದು.

ಜಿಎಸ್‌ಟಿ ಇಳಿಕೆಯನ್ನು ಈ ಗೆರೆಯ ಜತೆಗಿಟ್ಟು ನೋಡಿದಾಗ ನಿಜವಾದ ಲಾಭ ತಿಳಿಯುತ್ತದೆ. ತೆರಿಗೆಪೂರ್ವ ಬೆಲೆ 8 ಲಕ್ಷವಿರುವ ಪೆಟ್ರೋಲ್ ವಾಹನವೊಂದನ್ನು ಉದಾಹರಣೆಗೆ ತೆಗೆದುಕೊಳ್ಳಬಹುದು. ಹಳೆಯ ದರದಲ್ಲಿ ಅದರ ಶೋರೂಂ ಬೆಲೆ 10.32 ಲಕ್ಷ, ಹೊಸ ದರದಲ್ಲಿ 9.44 ಲಕ್ಷ. ನೇರ ಉಳಿತಾಯ 88 ಸಾವಿರ. ವಾಹನ ಶೇ 17ರ ಸಾಲಿನಿಂದ ಶೇ 14ರ ಸಾಲಿಗೆ ಇಳಿದ ಕಾರಣ ಆಜೀವ ತೆರಿಗೆಯಲ್ಲಿ ಮತ್ತೆ 48 ಸಾವಿರ ಉಳಿಯುತ್ತದೆ. ಒಟ್ಟು 1.36 ಲಕ್ಷ.

ಬಳಸಿದ ಕಾರಿನ ಮಾರುಕಟ್ಟೆಗೆ ಬಿಸಿ ತಟ್ಟಿರುವುದು ಇಲ್ಲಿಯೇ. 2023ರಲ್ಲಿ ಕೊಂಡವರು ತಾವು ತೆತ್ತ ಬೆಲೆಯಿಂದ ಸವಕಳಿ ಕಳೆದು ಮಾರಾಟದ ಬೆಲೆ ಹೇಳುತ್ತಾರೆ. ಕೊಳ್ಳುವವರಿಗೆ ಆ ಹಳೆಯ ಬೆಲೆ ಅಪ್ರಸ್ತುತ. ಅದೇ ಶ್ರೇಣಿಯ ಹೊಸ ವಾಹನ ಇಂದು ರಸ್ತೆಗಿಳಿಯುವಾಗ ಎಷ್ಟಾಗುತ್ತದೆ ಎಂಬುದರಿಂದ ಅವರ ಲೆಕ್ಕ ಶುರುವಾಗಬೇಕು. ಚೌಕಾಸಿಗೆ ಕುಳಿತಾಗ ಇದಕ್ಕಿಂತ ಬಲವಾದ ಮಾತು ಬೇರೊಂದಿಲ್ಲ. ಮೂರು ವರ್ಷದ ವಾಹನಕ್ಕೂ ಹೊಸದರ ಆನ್‌ ರೋಡ್ ಬೆಲೆಗೂ ಕಾಲು ಭಾಗದಷ್ಟಾದರೂ ಅಂತರವಿಲ್ಲದಿದ್ದರೆ ಹಳೆಯದನ್ನು ಕೊಳ್ಳಲು ಆರ್ಥಿಕ ಕಾರಣವೇ ಉಳಿಯುವುದಿಲ್ಲ. ಹೊಸದಕ್ಕೆ ವಾರಂಟಿ ಇರುತ್ತದೆ. ಬಳಸಿದ್ದರ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಹೆಚ್ಚು ಬಡ್ಡಿ ಹಾಕಿ, ತೀರಿಸಲು ಕಡಿಮೆ ಅವಧಿ ಕೊಡುತ್ತವೆ.

ಹಾಗೆಂದು ಬಳಸಿದ ಕಾರು ಕೊಳ್ಳುವುದೇ ತಪ್ಪು ಎನ್ನಲಾಗದು. ಕರ್ನಾಟಕದಲ್ಲೇ ನೋಂದಣಿಯಾದ ವಾಹನದ ಆಜೀವ ತೆರಿಗೆಯನ್ನು ಮೊದಲ ಮಾಲೀಕರು ತೆತ್ತಾಗಿದೆ. ಎರಡನೆಯವರಿಗೆ ಹೆಸರು ವರ್ಗಾವಣೆಯ ಶುಲ್ಕ ಮಾತ್ರ. ಮಾರುವವರಿಗೆ ಆ ಒಂದೂವರೆ ಎರಡು ಲಕ್ಷ ಪೂರ್ತಿ ಮರಳುವುದು ಅಪರೂಪ. ಎರಡನೆಯ ಮಾಲೀಕರಿಗೆ ದೊರೆಯುವ ದೊಡ್ಡ ಲಾಭ ಇದೇ. ತಿಂಗಳಿಗೆ ಐನೂರು, ಆರುನೂರು ಕಿಲೋಮೀಟರಿಗಿಂತ ಹೆಚ್ಚು ಓಡಿಸದ ನಗರದ ಕುಟುಂಬಕ್ಕೆ, ಸರಿಯಾದ ವಾಹನ ಸಿಕ್ಕರೆ, ಬಳಸಿದ್ದೇ ಈಗಲೂ ಮೇಲು.

ಯಾವ ವರ್ಷದ ವಾಹನ?

ಸರಿಯಾದ ವಾಹನವೆಂದರೆ ಸರಿಯಾದ ವರ್ಷದ ವಾಹನ. ಬಳಸಿದ ಕಾರುಗಳ ಮಳಿಗೆಗಳಲ್ಲಿ ಬಣ್ಣ, ಟೈರು, ಮೀಟರಿನ ಅಂಕಿಗಳನ್ನು ನೋಡುವ ಗ್ರಾಹಕರು ತಯಾರಿಕೆಯ ತಿಂಗಳನ್ನು ಗಮನಿಸುವುದು ಕಡಿಮೆ. ಕಾನೂನು ಕಾರುಗಳನ್ನು ಹಂತಹಂತವಾಗಿ ಸುರಕ್ಷಿತಗೊಳಿಸಿದೆ. ಎಬಿಎಸ್ ಎಲ್ಲ ಕಾರುಗಳಿಗೂ ಕಡ್ಡಾಯವಾದದ್ದು 2019ರ ಏಪ್ರಿಲ್‌ನಿಂದ. ಚಾಲಕರ ಏರ್‌ಬ್ಯಾಗ್ ಅದೇ ವರ್ಷದ ಜುಲೈನಿಂದ. ಮುಂದಿನ ಸೀಟಿನ ಸಹಪ್ರಯಾಣಿಕರ ಏರ್‌ಬ್ಯಾಗ್ ಆಗಲೇ ಮಾರುಕಟ್ಟೆಯಲ್ಲಿದ್ದ ಮಾದರಿಗಳಿಗೂ ಕಡ್ಡಾಯವಾದದ್ದು 2022ರ ಜನವರಿಯಿಂದ. ಅದಕ್ಕೂ ಹಿಂದಿನ ವಾಹನ ಕೊಳ್ಳುವವರು ಆ ನಿರ್ದಿಷ್ಟ ಶ್ರೇಣಿಯಲ್ಲಿ ಇವು ಇದ್ದವೇ ಎಂದು ಖಚಿತಪಡಿಸಿಕೊಳ್ಳಬೇಕು.

ಅಪಘಾತ ಪರೀಕ್ಷೆಯ ನಕ್ಷತ್ರಗಳ ವಿಷಯದಲ್ಲೂ ವರ್ಷ ಮುಖ್ಯ. ಗ್ಲೋಬಲ್ ಎನ್‌ಕ್ಯಾಪ್‌ನಿಂದ 2018ರ ಡಿಸೆಂಬರ್‌ನಲ್ಲಿ ನೆಕ್ಸಾನ್ ಐದು ನಕ್ಷತ್ರ ಪಡೆದಾಗ ಭಾರತದ ಕಾರೊಂದಕ್ಕೆ ಅದು ಮೊದಲ ಗೌರವ. 2020ರಲ್ಲಿ ಎಕ್ಸ್‌ಯುವಿ 300ಕ್ಕೂ ಐದು ದೊರೆತವು. 2022ರ ಜುಲೈನಿಂದ ಆ ಸಂಸ್ಥೆ ಪಕ್ಕದಿಂದ ಅಪ್ಪಳಿಸುವ ಪರೀಕ್ಷೆ, ವಾಹನ ಜಾರದಂತೆ ತಡೆಯುವ ಇಎಸ್‌ಸಿ ವ್ಯವಸ್ಥೆ ಇತ್ಯಾದಿಗಳನ್ನು ಸೇರಿಸಿ ನಿಯಮ ಬಿಗಿಗೊಳಿಸಿತು. 2023ರ ಅಕ್ಟೋಬರ್‌ನಿಂದ ಸರ್ಕಾರದ್ದೇ ಆದ ಭಾರತ್ ಎನ್‌ಕ್ಯಾಪ್ ಜಾರಿಯಲ್ಲಿದೆ. ಪರಿಷ್ಕೃತ ನೆಕ್ಸಾನ್, ಎಕ್ಸ್‌ಯುವಿ 3ಎಕ್ಸ್‌ಒ, ಸ್ಕೋಡಾ ಕೈಲಾಕ್‌ಗಳು ಇದರಲ್ಲಿ ಐದು ನಕ್ಷತ್ರ ಗಳಿಸಿವೆ. 2018ರ ಐದು ಮತ್ತು 2024ರ ಐದು ಒಂದೇ ಅಲ್ಲ ಎಂಬುದನ್ನು ಮಾರುವವರು ಹೇಳುವುದಿಲ್ಲ.

ಮೂರನೆಯದು ಇಂಧನ. 2023ರ ಏಪ್ರಿಲ್‌ನಿಂದ ತಯಾರಾದ ಕಾರುಗಳ ಇಂಧನ ಕೊಳವೆ, ರಬ್ಬರ್ ಭಾಗಗಳು ಶೇ 20 ಎಥನಾಲ್ ಬೆರೆತ ಪೆಟ್ರೋಲ್ ತಾಳುವಂತೆ ರೂಪಿತವಾಗಿವೆ. 2025ರ ವೇಳೆಗೆ ಆ ಪೆಟ್ರೋಲ್ ದೇಶದ ಬಂಕುಗಳಲ್ಲಿ ಸಾಮಾನ್ಯವಾಯಿತು. ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಶೇ 10ಕ್ಕೆ ಹೊಂದಿಸಿದ ನಾಲ್ಕು ಚಕ್ರದ ವಾಹನಗಳಲ್ಲಿ ಮೈಲೇಜ್ ಶೇ 6ರಿಂದ 7ರಷ್ಟು ಕುಸಿಯಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಇಳಿಕೆ ಅಲ್ಪವೆಂದು ಕೇಂದ್ರ ಸರ್ಕಾರ ಸಮರ್ಥಿಸಿಕೊಂಡಿದೆ. ವಾದ ಏನೇ ಇರಲಿ, ಪೆಟ್ರೋಲ್ ವಾಹನವನ್ನು ಇನ್ನೂ ಏಳೆಂಟು ವರ್ಷ ಇಟ್ಟುಕೊಳ್ಳುವ ಉದ್ದೇಶವಿದ್ದರೆ 2023ರ ಏಪ್ರಿಲ್ ನಂತರದ್ದನ್ನು ಹುಡುಕುವುದು ಕ್ಷೇಮ.

ಡೀಸೆಲ್ ವಾಹನಕ್ಕೆ ಎಥನಾಲ್ ಕಾಟವಿಲ್ಲ, ಬೇರೆ ಕಾಟವಿದೆ. 2020ರ ಏಪ್ರಿಲ್‌ನಿಂದ ಬಂದ ಬಿಎಸ್-6 ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಆಗಾಗ ಹೆದ್ದಾರಿಯ ವೇಗದಲ್ಲಿ ಓಡಿದರೆ ಮಾತ್ರ ಅದರ ಮಸಿ ಸುಟ್ಟು ಸ್ವಚ್ಛವಾಗುತ್ತದೆ. ಸಿಲ್ಕ್ ಬೋರ್ಡಿನಿಂದ ಮಾರತ್ತಹಳ್ಳಿಗೆ ದಿನವೂ ತೆವಳುವ ಕಾರಿನಲ್ಲಿ ಅದು ಕಟ್ಟಿಕೊಳ್ಳುವ ಸಂಭವ ಹೆಚ್ಚು, ಬದಲಿಸುವ ಖರ್ಚು ದೊಡ್ಡದು. ವಾರಾಂತ್ಯಕ್ಕೆ ಶಿರಾಡಿ, ಚಾರ್ಮಾಡಿ ಘಾಟಿ ಹತ್ತುವವರಿಗೆ, ಹುಬ್ಬಳ್ಳಿ, ಕಲಬುರಗಿಯ ದೂರ ಪ್ರಯಾಣದವರಿಗೆ ಡೀಸೆಲ್ ಹೊಂದುತ್ತದೆ. 2016ರಿಂದ 2020ರ ಆರಂಭದವರೆಗಿನ ವಿಟಾರಾ ಬ್ರೆಜಾಗಳೆಲ್ಲ ಡೀಸೆಲ್ಲೇ, ಬಿಎಸ್-4 ಕಾಲದವು. ಇಕೊಸ್ಪೋರ್ಟ್ ಕೂಡ ಗಟ್ಟಿ ವಾಹನವೇ. ಆದರೆ 2021ರಲ್ಲಿ ಫೋರ್ಡ್ ಭಾರತದಲ್ಲಿ ತಯಾರಿಕೆ ನಿಲ್ಲಿಸುವ ನಿರ್ಧಾರ ಪ್ರಕಟಿಸಿತು. ಬಿಡಿಭಾಗ ಹಾಗೂ ಸರ್ವಿಸ್ ತಮ್ಮ ಊರಿನಲ್ಲಿ ದೊರೆಯುವುದೇ ಎಂದು ವಿಚಾರಿಸಿದ ಮೇಲೆಯೇ ಅದಕ್ಕೆ ಕೈಹಾಕಬೇಕು.

ದೆಹಲಿಯಿಂದ ಬಂದ ಅಗ್ಗದ ಕಾರು

ರಾಜಧಾನಿಯಲ್ಲಿ 10 ವರ್ಷ ಮೀರಿದ ಡೀಸೆಲ್, 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಸಂಚಾರಕ್ಕೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2015ರಲ್ಲಿ ತಡೆಹಾಕಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಅಲ್ಲಿಂದೀಚೆಗೆ ಉತ್ತರದ ಡೀಸೆಲ್ ಕಾರುಗಳು ಕಡಿಮೆ ಬೆಲೆಯ ಚೀಟಿ ಅಂಟಿಸಿಕೊಂಡು ದಕ್ಷಿಣಕ್ಕೆ ಬರುತ್ತಿವೆ. ಬೆಲೆ ಕಂಡು ಮರುಳಾದವರಿಗೆ ತೆರಿಗೆ ನೆನಪಾಗುವುದು ನಂತರ. ಮೂಲ ರಾಜ್ಯದ ಆರ್‌ಟಿಒದಿಂದ ಎನ್‌ಒಸಿ ತರಬೇಕು. ಇಲ್ಲಿ ಮರುನೋಂದಣಿ ಮಾಡಿಸಿ ವಾಹನದ ವಯಸ್ಸಿಗೆ ತಕ್ಕಂತೆ ಕರ್ನಾಟಕದ ಆಜೀವ ತೆರಿಗೆ ಕಟ್ಟಬೇಕು. ಬಳಸಿದ ಕಾರಿನ ಮುಖ್ಯ ಲಾಭವೇ ಇದರಿಂದ ಕರಗುತ್ತದೆ. ಬಿಎಚ್ ಸರಣಿಯ ಫಲಕವಿರುವ ವಾಹನಗಳದ್ದೂ ಹೆಚ್ಚುಕಡಿಮೆ ಇದೇ ಕಥೆ. ಅವುಗಳಿಗೆ ತೆರಿಗೆ ಎರಡೆರಡು ವರ್ಷಕ್ಕೆ ಕಟ್ಟುವ ಪದ್ಧತಿ ಇರುವುದರಿಂದ, ಆ ಸರಣಿಗೆ ಅರ್ಹರಲ್ಲದವರು ಕೊಂಡರೆ ರಾಜ್ಯದ ತೆರಿಗೆಯನ್ನು ತಾವೇ ತೆರಬೇಕಾಗುತ್ತದೆ.

ನೀರಿನಲ್ಲಿ ಮುಳುಗೆದ್ದ ಕಾರುಗಳ ಅಪಾಯ ಇನ್ನೂ ಹೆಚ್ಚು. 2022ರ ಸೆಪ್ಟೆಂಬರ್ ಮಳೆಗೆ ಬೆಂಗಳೂರಿನ ಯಮಲೂರು, ಬೆಳ್ಳಂದೂರು ಭಾಗದಲ್ಲಿ, 2023ರ ಡಿಸೆಂಬರ್ ಚಂಡಮಾರುತಕ್ಕೆ ಚೆನ್ನೈನಲ್ಲಿ ಕಾರುಗಳು ನೀರುಪಾಲಾದವು. ಇಂಥವನ್ನು ತೊಳೆದು ಹೊಳಪು ಕೊಟ್ಟು ಮತ್ತೆ ಮಾರಾಟಕ್ಕಿಡುವುದು ಹೊಸದೇನಲ್ಲ. ಸೀಟ್‌ಬೆಲ್ಟನ್ನು ಕೊನೆಯವರೆಗೂ ಎಳೆದರೆ ಕೆಸರಿನ ಗೆರೆ ಕಾಣಿಸಬಹುದು. ಸೀಟಿನ ಕೆಳಗಿನ ಹಳಿಗಳ ತುಕ್ಕು, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಗುಣಿಯ ಮಣ್ಣು, ನೆಲಹಾಸಿನ ಮುಗ್ಗಲು ವಾಸನೆ ಸುಳ್ಳು ಹೇಳುವುದಿಲ್ಲ. ಮೀಟರನ್ನು ಹಿಂದಕ್ಕೆ ತಿರುಗಿಸಲಾಗಿದೆಯೇ ಎಂಬುದನ್ನು ಕಂಪೆನಿಯ ಸರ್ವಿಸ್ ದಾಖಲೆಯೊಂದಿಗೆ ತಾಳೆ ನೋಡಬೇಕು. ದಾಖಲೆ ತೋರಿಸಲು ಮಾರುವವರು ಹಿಂಜರಿದರೆ ಅಲ್ಲಿಂದ ಎದ್ದು ಬರುವುದೇ ಲೇಸು.

ಕಾಗದಪತ್ರಗಳ ವಿಷಯದಲ್ಲಿ 2023ರ ಏಪ್ರಿಲ್‌ನಿಂದ ಒಂದು ಅನುಕೂಲವಾಗಿದೆ. ಬಳಸಿದ ವಾಹನಗಳ ವ್ಯಾಪಾರಿಗಳು ಆರ್‌ಟಿಒ ಅಧಿಕೃತತೆ ಪಡೆಯಬೇಕು, ವಾಹನ ತಮ್ಮ ಸುಪರ್ದಿಗೆ ಬಂದುದನ್ನು ತಿಳಿಸಬೇಕು. ಮಾರಾಟವಾಗುವವರೆಗೆ ಅದರ ಹೊಣೆ ಅವರದೇ. ಇಂಥ ನೋಂದಾಯಿತ ವ್ಯಾಪಾರಿಗಳು ತಮ್ಮ ಲಾಭಾಂಶದ ಮೇಲೆ ಶೇ 18 ಜಿಎಸ್‌ಟಿ ಕಟ್ಟುತ್ತಾರೆ. ಮಾಲೀಕರಿಂದ ನೇರವಾಗಿ ಕೊಂಡರೆ ಆ ತೆರಿಗೆಯೂ ಇಲ್ಲ, ಹೊಣೆ ಹೊರುವವರೂ ಇಲ್ಲ. ಕಾರಿನ ಮೇಲೆ ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ ಮತ್ತು ಫಾರಂ 35, ವರ್ಗಾವಣೆಗೆ ಫಾರಂ 29 ಮತ್ತು 30 ಬೇಕು. ಮುಂಗಡ ಕೊಡುವ ಮೊದಲೇ ವಾಹನ್ ಜಾಲತಾಣದಲ್ಲಿ ಸಾಲದ ನಮೂದನ್ನೂ ಬಾಕಿ ದಂಡವನ್ನೂ ನೋಡಿಕೊಳ್ಳಬಹುದು. ವಿಮೆಯನ್ನು 14 ದಿನದೊಳಗೆ ಹೊಸ ಮಾಲೀಕರ ಹೆಸರಿಗೆ ಮಾಡಿಸಲು ಅರ್ಜಿ ಸಲ್ಲಿಸಬೇಕು. ಹಿಂದಿನವರ ನೋ ಕ್ಲೇಮ್ ಬೋನಸ್ ಅವರೊಂದಿಗೇ ಹೋಗುವುದರಿಂದ ಪ್ರೀಮಿಯಂ ತುಸು ಏರುತ್ತದೆ. ಮಾರುವವರಿಗೂ ಈ ವರ್ಗಾವಣೆ ಅಷ್ಟೇ ತುರ್ತಿನದು: ಆರ್‌ಸಿಯಲ್ಲಿ ಹೆಸರಿರುವವರೇ ಮಾಲೀಕರು, ಅಪಘಾತವಾದರೆ ಪರಿಹಾರದ ಹೊಣೆಯೂ ಅವರದೇ ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲಿ ತೀರ್ಪು ನೀಡಿದೆ.