ಹಿಮ ಬೀಳುವ ಊರಿಗೆ ಬಾಣಂತನಕ್ಕೆ ಹೊರಟವರಿಗೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೋಗಿಬರುವ ತಾಯಂದಿರು ಈಗ ನಮ್ಮಂಥ ಸಣ್ಣ ಊರುಗಳಲ್ಲೂ ಇದ್ದಾರೆ. ಅಂಟಿನುಂಡೆ, ಮೆಂತ್ಯದ ಹಿಟ್ಟು, ಬಜೆ ಬೇರು ಎಲ್ಲ ಕಟ್ಟಿಕೊಳ್ಳುತ್ತಾರೆ. ಆದರೆ ಡಿಸೆಂಬರ್, ಜನವರಿಯಲ್ಲಿ ಹೋಗುವವರು ಹಿಮದ ವಿಷಯವನ್ನೂ ಒಂದಿಷ್ಟು ತಿಳಿದುಕೊಂಡು ಹೋಗುವುದು ಒಳ್ಳೆಯದು. ನಮ್ಮ ಅಕ್ಕ ಅಲ್ಲಿನ ಮಿನಿಯಾಪೊಲಿಸ್‌ನಲ್ಲಿ ಮಗಳ ಮನೆಯಲ್ಲಿ ಒಂದು ಚಳಿಗಾಲ ಕಳೆದು ಬಂದವಳು. "ನೋಡೋಕೆ ಚೆಂದ ಅನ್ನೋದು ಮೊದಲನೇ ದಿನ ಮಾತ್ರ ಕಣೇ. ಆಮೇಲೆ ಅದೂ ಒಂದು ಮನೆಗೆಲಸ" ಅಂತಾಳೆ.

ಮನೆಗೆಲಸವೇ ಸರಿ. ನಾವು ಬೆಳಿಗ್ಗೆ ಎದ್ದು ಬಾಗಿಲ ಮುಂದೆ ಗುಡಿಸಿ ನೀರು ಹಾಕುವ ಹಾಗೆ, ಅಲ್ಲಿ ಮನೆಯ ಮುಂದಿನ ಫುಟ್‌ಪಾತಿನ ಹಿಮವನ್ನು ಮನೆಯವರೇ ಸಲಿಕೆ ಹಿಡಿದು ತೆಗೆಯಬೇಕು. ಮಿನಿಯಾಪೊಲಿಸ್‌ನಲ್ಲಿ ಸಾಮಾನ್ಯ ಮನೆಗಳಿಗೆ ಹಿಮ ನಿಂತ ಮೇಲೆ 24 ಗಂಟೆಗಳ ಗಡುವು. ತೆಗೆಯದಿದ್ದರೆ ನಗರಸಭೆಯವರು ಆಳುಗಳಿಂದ ತೆಗೆಸಿ ಖರ್ಚನ್ನು ಮನೆಯವರಿಂದ ವಸೂಲು ಮಾಡುತ್ತಾರೆ. ತೆಗೆದದ್ದನ್ನು ರಸ್ತೆಗೆ ನೂಕುವಂತಿಲ್ಲ. ತಮ್ಮ ಜಾಗದಲ್ಲೇ ರಾಶಿ ಹಾಕಬೇಕು. (ಕಸವನ್ನು ಮೆಲ್ಲಗೆ ಪಕ್ಕದ ಮನೆಯ ಕಡೆಗೆ ಸರಿಸಿಬಿಡುವವರು ನಮ್ಮಲ್ಲಿದ್ದಾರಲ್ಲ, ಅವರಿಗೆ ಅಲ್ಲಿ ಕಷ್ಟ!)

ರಸ್ತೆಯ ಕೆಲಸ ನಗರಸಭೆಯದು. ಮುಂದೆ ದೊಡ್ಡ ಹಲಗೆ ಜೋಡಿಸಿದ ಲಾರಿಗಳು ಬಂದು ಹಿಮವನ್ನು ಬದಿಗೆ ತಳ್ಳುತ್ತವೆ. ಬೀದಿಯ ಎರಡೂ ಕಡೆ ಕಾರು ನಿಂತಿದ್ದರೆ ಪಾಪ, ಲಾರಿಯವನಾದರೂ ಏನು ಮಾಡಿಯಾನು? ಅದಕ್ಕೇ ಹೆಚ್ಚು ಹಿಮ ಬಿದ್ದಾಗ ಆ ಊರಿನಲ್ಲಿ 'ಸ್ನೋ ಎಮರ್ಜೆನ್ಸಿ' ಸಾರುತ್ತಾರೆ. ಮೊದಲ ರಾತ್ರಿ 9ರಿಂದ ಮುಖ್ಯ ಮಾರ್ಗಗಳಲ್ಲಿ ಕಾರು ನಿಲ್ಲಿಸಬಾರದು. ಮರುದಿನ ಬೆಳಿಗ್ಗೆ 8ರಿಂದ ಒಳಬೀದಿಗಳಲ್ಲಿ ಸಮಸಂಖ್ಯೆಯ ಮನೆಗಳ ಬದಿ ಖಾಲಿ ಇರಬೇಕು, ಮೂರನೇ ದಿನ ಬೆಸಸಂಖ್ಯೆಯ ಬದಿ. ತಪ್ಪಿದರೆ ದಂಡ, ಕಾರನ್ನೂ ಎಳೆದೊಯ್ಯುತ್ತಾರೆ. ಅಳಿಯಂದಿರು ಆಫೀಸಿನ ಗಡಿಬಿಡಿಯಲ್ಲಿ ಮರೆತರೆ ನೀವೇ ನೆನಪಿಸಿ.

ಇಷ್ಟು ಕಟ್ಟುನಿಟ್ಟು ಯಾಕೆ ಅಂತೀರಾ? 2022ರ ಡಿಸೆಂಬರಿನಲ್ಲಿ, ಕ್ರಿಸ್‌ಮಸ್ ಹೊತ್ತಿಗೆ, ನ್ಯೂಯಾರ್ಕ್ ರಾಜ್ಯದ ಬಫಲೋ ನಗರ ಮತ್ತು ಸುತ್ತಮುತ್ತ ಭಾರಿ ಹಿಮಗಾಳಿ ಎದ್ದಿತು. 40ಕ್ಕೂ ಹೆಚ್ಚು ಜನ ಸತ್ತರು. ರಸ್ತೆಯಲ್ಲಿ ಸಿಕ್ಕಿಬಿದ್ದ ಕಾರುಗಳಿಂದಾಗಿ ಹಿಮ ತಳ್ಳುವ ಲಾರಿಗಳಿಗೂ ಆಂಬುಲೆನ್ಸ್‌ಗಳಿಗೂ ದಾರಿಯಿಲ್ಲದಂತಾಯಿತು. ಸಹಾಯಕ್ಕೆ ಫೋನ್ ಮಾಡಿ ಕಾಯುತ್ತಲೇ ಪ್ರಾಣ ಬಿಟ್ಟವರಿದ್ದರು. ಮನೆಯಲ್ಲಿ ದಿನ ತುಂಬಿದ ಹುಡುಗಿ ಇರುವಾಗ ಇದರ ಅರ್ಥ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಅಂದ ಹಾಗೆ, 1979ರಲ್ಲಿ ಷಿಕಾಗೊ ನಗರದಲ್ಲಿ ಹಿಮ ಸರಿಯಾಗಿ ತೆಗೆಸಲಿಲ್ಲವೆಂದು ಸಿಟ್ಟಾದ ಜನ ಆಗಿನ ಮೇಯರನ್ನೇ ಮನೆಗೆ ಕಳಿಸಿದರು. ಆ ಜಾಗಕ್ಕೆ ಬಂದ ಜೇನ್ ಬರ್ನ್ ಆ ಊರಿನ ಮೊದಲ ಮಹಿಳಾ ಮೇಯರ್!

ಬೀದಿಯಲ್ಲಿ ಬೆಂಕಿ ಆರಿಸುವವರು ನೀರು ಹಿಡಿಯುವ ಕೊಳಾಯಿ ಕಂಬ ಇರುತ್ತದೆ. ಅದು ನಿಮ್ಮ ಮನೆಯ ಮುಂದಿದ್ದರೆ ಸುತ್ತ ಒಂದು ಮೀಟರಿನಷ್ಟು ಹಿಮ ತೆಗೆಸಿಡಿ.

ಮೆಟ್ಟಿಲಿಗೆ ಕಲ್ಲುಪ್ಪು ಚೆಲ್ಲುವುದುಂಟು. ಉಪ್ಪು ಬಿದ್ದರೆ ಮಂಜುಗಡ್ಡೆ ಕರಗುತ್ತದೆ, ಆದರೆ ಚಳಿ ಮೈನಸ್ 9 ಡಿಗ್ರಿಗಿಂತ ಕೆಳಗಿಳಿದರೆ ಬರೀ ಉಪ್ಪಿನಿಂದ ಹೆಚ್ಚೇನೂ ಆಗದು. ಆಗ ಕಾಲು ಜಾರದಂತೆ ಮರಳು ಹಾಕಬೇಕು. ಉಪ್ಪನ್ನು ಹಿಡಿ ಹಿಡಿ ಸುರಿಯಬೇಡಿ. ಒಂದು ಟೀ ಚಮಚ ಉಪ್ಪು ಸುಮಾರು 19 ಲೀಟರ್ ನೀರು ಕೆಡಿಸುತ್ತದೆ ಎನ್ನುತ್ತದೆ ಆ ರಾಜ್ಯದ ಮಾಲಿನ್ಯ ನಿಯಂತ್ರಣ ಸಂಸ್ಥೆ. ಅದೆಲ್ಲ ಹರಿದು ಕೆರೆ ಸೇರುತ್ತದೆ.

ಸಲಿಕೆ ಕೆಲಸಕ್ಕೆ ನೀವು ಇಳಿಯಬೇಡಿ. ಒದ್ದೆ ಹಿಮ ಬಲು ಭಾರ. ಚಳಿಯಲ್ಲಿ ಏಕಾಏಕಿ ದಮ್ಮು ಕಟ್ಟಿ ಎತ್ತಿದಾಗ ಹೃದಯಾಘಾತವಾಗುವುದುಂಟು. ಅಳಿಯನಿಗೂ ಎತ್ತುವುದಕ್ಕಿಂತ ತಳ್ಳಲು ಹೇಳಿ, ನಡುನಡುವೆ ಒಳಗೆ ಕರೆದು ಬಿಸಿ ಕಾಫಿ ಕೊಡಿ.

ಇನ್ನೊಂದು ಮಾತು, ಮರೆಯಬೇಡಿ. ಕೂಸನ್ನು ಡಾಕ್ಟರ ಹತ್ತಿರ ಒಯ್ಯುವ ಮುಂಚೆ ಕಾರಿನ ಹಿಂದಿನ ಹೊಗೆಕೊಳವೆ ಹಿಮದಲ್ಲಿ ಹೂತಿದೆಯೇ ನೋಡಿಸಿ. ಅದು ಮುಚ್ಚಿದ್ದಾಗ ಎಂಜಿನ್ ಚಾಲೂ ಮಾಡಿದರೆ ವಾಸನೆಯೇ ಇಲ್ಲದ ವಿಷಾನಿಲ ಕಾರಿನೊಳಗೆ ತುಂಬುತ್ತದೆ. ಕೊಳವೆ ಬಿಡಿಸಿ, ಎಂಜಿನ್ ಚಾಲೂ ಆದ ಮೇಲೆಯೇ ಮಗುವನ್ನು ಹೊರಗೆ ತನ್ನಿ.