ಕೊನೆಯ ಹೊಲದ ಅಂಗುಲ

ಮಲೆನಾಡಿನಲ್ಲಿ ಮುಂಗಾರು ಬಲಿತು ತುಂಗಭದ್ರಾ ಜಲಾಶಯದ ಮಟ್ಟ ಏರತೊಡಗಿತೆಂದರೆ, ಇಂದು ಎಷ್ಟು ಟಿಎಂಸಿ ಎಂಬ ಪ್ರಶ್ನೆ ಕೊಪ್ಪಳ, ರಾಯಚೂರು, ಬಳ್ಳಾರಿ ಸೀಮೆಗಳ ಚಹದಂಗಡಿಯಿಂದ ವಿಧಾನಸೌಧದವರೆಗೆ ಎಲ್ಲರ ಬಾಯಲ್ಲೂ ಇರುತ್ತದೆ. ಆದರೆ ಆ ನೀರು ಎಡದಂಡೆ ಕಾಲುವೆಯ 227 ಕಿಲೋಮೀಟರ್ ದೂರವನ್ನು ಕ್ರಮಿಸುತ್ತ, ಉಪಕಾಲುವೆಗೆ ಹೊರಳಿ, ತೂಬಿನಿಂದಿಳಿದು, ಹೊಲಗಾಲುವೆಯಲ್ಲಿ ಹರಿದು, ಕಟ್ಟಕಡೆಯ ಹೊಲದಲ್ಲಿ ಎಷ್ಟು ಅಂಗುಲವಾಗಿ ನಿಂತಿತೆಂದು ಕೇಳುವವರು ವಿರಳ. ನೀರಾವರಿಯ ಯಥಾರ್ಥವಾದ ಮಾನದಂಡವು ಈ ಎರಡನೆಯ ಪ್ರಶ್ನೆಯಲ್ಲಿಯೇ ಇದೆಯೆಂಬುದು ನನ್ನ ದೃಢವಾದ ಅಭಿಪ್ರಾಯ.

ಲೆಕ್ಕ ಕ್ಲಿಷ್ಟವಾದುದೇನಲ್ಲ. ಒಂದು ಟಿಎಂಸಿ, ಎಂದರೆ ನೂರು ಕೋಟಿ ಘನ ಅಡಿ ನೀರು, ಒಂದಡಿ ಆಳವಾಗಿ ಹರಡಿದರೆ ಸುಮಾರು 23,000 ಎಕರೆಯನ್ನು ಮುಚ್ಚುತ್ತದೆ. ಬಿತ್ತನೆಯಿಂದ ಕೊಯ್ಲಿನವರೆಗೆ ಬೆಳೆಯೊಂದು ಬೇಡುವ ಒಟ್ಟು ನೀರನ್ನು ಹೀಗೆ ಆಳವಾಗಿ ಎಣಿಸಿದ್ದಕ್ಕೆ ಎಂಜಿನಿಯರರು ಡೆಲ್ಟಾ ಎನ್ನುತ್ತಾರೆ. ಅಷ್ಟು ಕಾಲ ಹರಿಯುವ ಒಂದು ಕ್ಯುಸೆಕ್ ನೀರು ಎಷ್ಟು ಎಕರೆಯನ್ನು ಸಲಹಬಲ್ಲುದೋ ಅದು ಡ್ಯೂಟಿ. ಭತ್ತಕ್ಕೆ ನಾಲ್ಕಡಿ, ಜೋಳಕ್ಕೆ ಒಂದೂವರೆ ಅಡಿ ಎಂದು ಸ್ಥೂಲವಾಗಿ ಇಟ್ಟುಕೊಂಡು, ಮಳೆಯನ್ನೂ ಸೋರಿಕೆಯನ್ನೂ ಬದಿಗಿರಿಸಿ ನೋಡಿದರೆ, ಅದೇ ಒಂದು ಟಿಎಂಸಿಯಲ್ಲಿ ಭತ್ತ ಬೆಳೆಯುವುದು ಸುಮಾರು 5,700 ಎಕರೆ. ಜೋಳವಾದರೆ 15,000 ಎಕರೆಗೂ ಮಿಗಿಲು. ಕಾಲುವೆಯ ಮೇಲ್ಭಾಗದಲ್ಲಿ ಯಾವ ಬೀಜ ಬಿತ್ತಬೇಕೆಂಬ ನಿರ್ಣಯವು ಕೆಳಭಾಗದಲ್ಲಿ ಎಷ್ಟು ಮನೆಗಳಲ್ಲಿ ಒಲೆ ಉರಿಯಬೇಕೆಂಬ ನಿರ್ಣಯವೂ ಆಗುವುದು ಹೀಗೆ.

1953ರಲ್ಲಿ ನೀರು ಹರಿಸತೊಡಗಿದ ಈ ಯೋಜನೆಯನ್ನು ಕಲ್ಪಿಸಿದವರಿಗೆ ಇದು ತಿಳಿದಿತ್ತು. ಬರಪೀಡಿತವಾದ ಎರೆಭೂಮಿಯ ಅಧಿಕಾಂಶ ಹೊಲಗಳಿಗೆ ಅಲ್ಪಸ್ವಲ್ಪ ನೀರುಣಿಸಿ ಜೋಳ, ಹತ್ತಿ, ಶೇಂಗಾಗಳನ್ನು ಉಳಿಸಿಕೊಳ್ಳುವ ಅರೆ ನೀರಾವರಿಯೇ ಅವರ ಉದ್ದೇಶವಾಗಿತ್ತು. ಗಂಗಾವತಿ, ಸಿಂಧನೂರುಗಳ ಬಯಲು ಭತ್ತದ ಕಣಜವಾದುದು ಅನಂತರದ ಕಥೆ. ಅಲ್ಲಿಯ ರೈತನನ್ನು ನಾನು ದೂಷಿಸಲಾರೆ. ಭತ್ತಕ್ಕೆ ಗಿರಣಿಯುಂಟು, ಸಾಲ ಕೊಡುವವರುಂಟು, ಕೊಳ್ಳುವವರುಂಟು, ಜೋಳಕ್ಕೆ ಅಂಥ ಆಸರೆಯನ್ನು ನಾವು ಕಟ್ಟಿಕೊಡಲೇ ಇಲ್ಲ. ಈ ನಡುವೆ 133 ಟಿಎಂಸಿಯಷ್ಟಿದ್ದ ಜಲಾಶಯದ ಸಾಮರ್ಥ್ಯವು ಹೂಳಿನಿಂದ 105ರ ಆಸುಪಾಸಿಗೆ ಕುಗ್ಗಿತು. 2024ರ ಆಗಸ್ಟ್‌ನಲ್ಲಿ 19ನೆಯ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ನಾಡೆಲ್ಲ ತಲ್ಲಣಿಸಿತು, ತಲ್ಲಣಿಸಬೇಕಾದುದೇ. ಕೊನೆಭಾಗದ ರೈತನ ಪಾಲಿಗೆ ಮಾತ್ರ ಜಲಾಶಯ ತುಂಬಿದ ವರ್ಷವೂ ಕಾಲುವೆ ಒಣಗಿರಬಹುದೆಂಬ ಭಯ ತಪ್ಪಿದ್ದಲ್ಲ.

ಮೇಲಿನವನಿಗಾದರೂ ಅತಿನೀರು ಹಿತವೆ? ಮಣ್ಣು ತನ್ನ ಕಣಗಳ ನಡುವೆ ಹಿಡಿದಿಡಬಲ್ಲ ತೇವಕ್ಕೊಂದು ಮೇರೆಯುಂಟು. ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿ ನೋಡಿ ನಮ್ಮ ಹಿರಿಯರು ‘ಹದ’ ಎಂದು ಹೇಳುತ್ತಿದ್ದುದು ಈ ಮೇರೆಯನ್ನು ಕುರಿತೇ. ಅದನ್ನು ಮೀರಿದ ನೀರು ಬೇರಿನ ಕೈಗೆ ಸಿಗದೆ ಕೆಳಗಿಳಿದು, ಬಸಿದುಹೋಗಲು ದಾರಿಯಿಲ್ಲದ ಎರೆಭೂಮಿಯಲ್ಲಿ ಅಂತರ್ಜಲವನ್ನು ಮೇಲೆತ್ತಿ, ತನ್ನೊಡನೆ ಲವಣವನ್ನೂ ತಂದು ನೆಲದ ಮೇಲೆ ಬಿಳಿಯ ಪೊರೆಯಾಗಿ ಹಾಸುತ್ತದೆ. ಸವಳು, ಜವಳು ಎಂಬ ಎರಡು ಮಾತುಗಳನ್ನು ಆ ಸೀಮೆಯ ರೈತರು ಎಂಥ ವ್ಯಥೆಯಿಂದ ಉಚ್ಚರಿಸುವರೆಂಬುದನ್ನು ಕೇಳಿದವರೇ ಬಲ್ಲರು.

ನಮ್ಮ ಕೆರೆಗಳ ಸೀಮೆಯಲ್ಲಿ ದಾಮಾಶಾ ಎಂಬ ಪದ್ಧತಿಯಿತ್ತು. ಕೆರೆ ತುಂಬದ ವರ್ಷ ಅಚ್ಚುಕಟ್ಟಿನಲ್ಲಿ ಏರಿಗೆ ಸಮೀಪದ ಭೂಮಿಯನ್ನಷ್ಟೆ ಸಾಗುವಳಿಗೆ ಆರಿಸಿ, ದೂರದ ಹಿಡುವಳಿದಾರರಿಗೂ ಅದರಲ್ಲಿಯೇ ಅವರವರ ಪ್ರಮಾಣಕ್ಕೆ ತಕ್ಕ ಪಾಲು ಹಂಚುತ್ತಿದ್ದರು. ತೂಬನ್ನು ತೆರೆದು ಮುಚ್ಚುವ ನೀರುಗಂಟಿಯ ಮಾತಿಗೆ ಊರು ತಲೆಬಾಗುತ್ತಿತ್ತು. ಲಕ್ಷಾಂತರ ಎಕರೆಯ ಕಾಲುವೆಗೆ ಇದನ್ನು ಯಥಾವತ್ತಾಗಿ ಅನ್ವಯಿಸುವುದು ಅಸಾಧ್ಯವಾದರೂ, ಕೊರತೆಯನ್ನು ಎಲ್ಲರೂ ಹಂಚಿಕೊಳ್ಳಬೇಕೆಂಬ ಅದರ ನ್ಯಾಯವು ಅಸಾಧ್ಯವಲ್ಲ. ಪ್ರತಿ ಉಪಕಾಲುವೆಗೂ ನೀರನ್ನು ಅಳೆದು ನೀರು ಬಳಕೆದಾರರ ಸಂಘಕ್ಕೆ ಒಪ್ಪಿಸುವುದು, ಸರದಿಯನ್ನು ಕೊನೆಯ ತೂಬಿನಿಂದ ಆರಂಭಿಸುವುದು, ಜೋಳವನ್ನು ಭತ್ತದಷ್ಟೇ ನಿಶ್ಚಿತವಾಗಿ ಸರಕಾರ ಕೊಳ್ಳುವುದು, ಈ ಮೂರೂ ಒಟ್ಟಿಗೆ ಆಗತಕ್ಕವು; ಮೂರನೆಯದನ್ನು ಬಿಟ್ಟು ಮೊದಲೆರಡನ್ನು ಹೇರಿದರೆ ರಾತ್ರಿ ತೂಬು ಒಡೆಯುವವನನ್ನು ಯಾವ ಪಹರೆಯೂ ತಡೆಯಲಾರದು. ಮತ್ತು ಜಲಾಶಯದ ಮಟ್ಟವನ್ನು ದಿನವೂ ಪ್ರಕಟಿಸುವ ಅಂಕಣದಲ್ಲಿಯೇ, ಪ್ರತಿ ಉಪಕಾಲುವೆಯ ಕೊನೆಯ ತೂಬಿನಲ್ಲಿ ಆ ದಿನ ಎಷ್ಟು ನೀರು ಹರಿಯಿತೆಂಬುದನ್ನೂ ಇಲಾಖೆಯು ಅಚ್ಚು ಹಾಕಿಸಲಿ. ಹರಿಯದ ದಿನ ಅಲ್ಲಿ ಸೊನ್ನೆಯೆಂದೇ ಬರೆಯಲಿ.